ನಲ್ಲಿ ನೀರನ್ನು ನೇರವಾಗಿ ಫಿಶ್ ಟ್ಯಾಂಕಿಗೆ ಸುರಿಯಬಹುದಾ?

ಎರಡಡಿ ಟ್ಯಾಂಕ್ ಇದೆ, ಸುಮಾರು 60 ಲೀಟರ್. ಗಪ್ಪಿ, ಮಾಲಿ ಸೇರಿ ಹದಿನೈದು ಮೀನು. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಬದಲಿಸೋಣ ಅಂತಿದ್ದೇನೆ. ಆಂಟಿ ಕ್ಲೋರಿನ್ ಹಾಕದೆ ಒಂದು ಲೋಟ ನೀರೂ ಸುರಿಯಬೇಡಿ ಅಂತಾರೆ ಅಂಗಡಿಯವರು. ಮೇಲಿನ ಮನೆಯವರು ಹತ್ತು ವರ್ಷದಿಂದ ಬಾತ್‌ರೂಮ್ ನಲ್ಲಿಗೆ ಪೈಪ್ ಸಿಕ್ಕಿಸಿ ತುಂಬಿಸುತ್ತಾರೆ, ಏನೂ ಆಗಿಲ್ಲವಂತೆ. ಬೆಂಗಳೂರಲ್ಲಿ ಇರುವವರು ಏನು ಮಾಡುತ್ತೀರಿ?

*

ನಿಮ್ಮ ನಲ್ಲಿಯಲ್ಲಿ ಬರೋದು ಕಾವೇರಿಯಾ, ಬೋರಾ, ಟ್ಯಾಂಕರಾ? ಮೊದಲು ಅದು ಗೊತ್ತಾಗಬೇಕು. ಕಾವೇರಿ ನೀರಿಗೆ ಕ್ಲೋರಿನ್ ಹಾಕಿಯೇ ನೀರು ಶುದ್ಧ ಮಾಡುವ ತೊರೆಕಾಡನಹಳ್ಳಿಯಿಂದ ಅಷ್ಟು ದೂರ ಕಳಿಸುತ್ತಾರೆ, ದಾರಿಯಲ್ಲಿ ಕೆಡಬಾರದಲ್ಲ. ನಲ್ಲಿ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ಭಾರತೀಯ ಮಾನಕದಲ್ಲೇ ಇದೆ. ನಮಗೆ ಅದು ಲೆಕ್ಕಕ್ಕಿಲ್ಲ. ಮೀನಿಗೆ ಜಾಸ್ತಿಯಾದರೆ ಕಿವಿರೇ ಸುಟ್ಟುಹೋಗುತ್ತದೆ.

ನಾನೂ ನಿಮ್ಮ ಮೇಲಿನ ಮನೆಯವರ ಹಾಗೇ ಧೈರ್ಯವಾಗಿದ್ದೆ, ಮೂರು ವರ್ಷ. ಒಂದು ದಿನ ನಮ್ಮ ಬಿಲ್ಡಿಂಗಿನ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದರು, ನನಗೆ ಗೊತ್ತಿಲ್ಲ, ಅರ್ಧ ಟ್ಯಾಂಕ್ ಬದಲಿಸಿ ಊಟಕ್ಕೆ ಕೂತೆ, ಕೈ ತೊಳೆಯೋಷ್ಟರಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೆಳಗ್ಗೆ ಉಳಿದಿದ್ದು ಎರಡು. ಈಗ ಹಿಂದಿನ ರಾತ್ರಿಯೇ ಬಕೆಟ್ ತುಂಬಿಸಿ, ಒಳಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ಮಲಗುತ್ತೇನೆ, ಅಷ್ಟರಲ್ಲಿ ಕ್ಲೋರಿನ್ ಹಾರಿಹೋಗುತ್ತದೆ.

*

ನಮ್ಮದು ಬರೀ ಬೋರ್ ನೀರು, ಗಾಜಿನ ಮೇಲೆ ಬಿಳಿ ಗೆರೆ ಕಟ್ಟುವಷ್ಟು ಗಡಸು. ಕ್ಲೋರಿನ್ ಇಲ್ಲ, ಗಪ್ಪಿಗೆ ಗಡಸು ನೀರು ಇಷ್ಟವೇ. ಆದರೂ ನೇರ ಸುರಿಯಬೇಡಿ. ನೆಲದಡಿಯ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಸ್ವಲ್ಪ ಹೊತ್ತು ಗಾಳಿಯಾಡಲಿ. ಆರ್‌ಒ ನೀರು ಒಳ್ಳೇದು ಅಂತ ಅದನ್ನೇ ತುಂಬಿಸುವವರೂ ಇದ್ದಾರೆ, ಅದರಲ್ಲಿ ಖನಿಜವೇ ಇರಲ್ಲ, ಗಪ್ಪಿ ಸೊರಗುತ್ತವೆ.

*

ಆಂಟಿ ಕ್ಲೋರಿನ್ ಅಂದರೆ ಹೆಚ್ಚಾಗಿ ಹೈಪೋ, ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟ್. ಅಗ್ಗ. 10 ಗ್ರಾಂ ಹರಳನ್ನು 1 ಲೀಟರ್ ನೀರಲ್ಲಿ ಕರಗಿಸಿಡಿ, 10 ಲೀಟರ್ ಬಕೆಟ್ಟಿಗೆ 10 ಮಿಲಿ ಸಾಕು, ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೂ ಹೋಗುತ್ತದೆ. ಬಕೆಟ್ಟಲ್ಲಿ ಬೆರೆಸಿದರೆ ಬಕೆಟ್ಟಿನ ಅಳತೆ. ಪೈಪಿನಿಂದ ನೇರ ಬಿಡುವುದಾದರೆ ಇಡೀ ಟ್ಯಾಂಕಿನ ಅಳತೆಗೆ ಮೊದಲೇ ಹಾಕಿ.

ಇನ್ನೊಂದು, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ! ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರೋದು, ಕ್ಲೋರಿನ್ ತಗುಲಿದರೆ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲೇ ಹಿಂಡಿ. ನೀರು ಬದಲಿಸಿದ ನಾಲ್ಕೈದು ದಿನಕ್ಕೆ ಮೀನು ಸಾಯೋದು ಎಷ್ಟೋ ಸಲ ಇದರಿಂದಲೇ, ಬೈಗುಳ ಮಾತ್ರ ನೀರಿಗೆ.

*

ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೇನೆ. ರಾತ್ರಿ ಬಕೆಟ್ ಇಡುವ ಉಪಾಯ ಇಲ್ಲಿ ನಡೆಯಲ್ಲ. 2004ರಿಂದ ಇಲ್ಲಿ ನೀರಿಗೆ ಕ್ಲೋರಮೈನ್, ಅಂದರೆ ಕ್ಲೋರಿನ್ ಅಮೋನಿಯಾ ಸೇರಿದ್ದು, ಹಾಕುತ್ತಾರೆ, ಅದು ಹಾಗೆ ಸುಲಭವಾಗಿ ಹಾರಿಹೋಗಲ್ಲ. ಹೈಪೋ ಹಾಕಿದರೆ ಕ್ಲೋರಿನ್ ಹೋಗಿ ಅಮೋನಿಯಾ ಉಳಿಯುತ್ತದೆ. ಅದಕ್ಕೇ ಎರಡನ್ನೂ ಹಿಡಿಯುವ ಪ್ರೈಮ್ ಅನ್ನೋ ದ್ರಾವಣ ಬಳಸುತ್ತೇನೆ, 200 ಲೀಟರಿಗೆ 5 ಮಿಲಿ. ಊರಿಂದ ಬಂದ ಹೊಸತರಲ್ಲಿ ಅಮ್ಮ ಹೇಳಿಕೊಟ್ಟ ಬಕೆಟ್ ಪದ್ಧತಿಯನ್ನೇ ಮಾಡಿ ಪೆಟ್ಟು ತಿಂದವನು ನಾನು.

*

ಪ್ರಶ್ನೆ ಕೇಳಿದವನೇ ಬರೆಯುತ್ತಿದ್ದೇನೆ. ಕ್ಲೋರಿನ್ ಟೆಸ್ಟ್ ಕಿಟ್ ತಂದೆ, ಹನಿ ಹಾಕಿದರೆ ಹಳದಿ ಆಗುತ್ತಲ್ಲ, ಅದು. ಮಂಗಳವಾರ ನೋಡಿದರೆ ಬಣ್ಣವೇ ಇಲ್ಲ, ಮೇಲಿನ ಮನೆಯವರೇ ಗೆದ್ದರು ಅಂದುಕೊಂಡೆ. ಗುರುವಾರ ನೋಡಿದರೆ ಕಡು ಹಳದಿ. ವಾಚ್‌ಮನ್‌ನ ಕೇಳಿದ ಮೇಲೆ ಗೊತ್ತಾಯಿತು, ನಮ್ಮ ಸಂಪಿಗೆ ಕಾವೇರಿ ವಾರಕ್ಕೆರಡು ದಿನ, ಉಳಿದ ದಿನ ಬೋರ್. ಮೇಲಿನವರು ಟ್ಯಾಂಕ್ ತೊಳೆಯೋದು ಯಾವಾಗಲೂ ಭಾನುವಾರ, ಅಷ್ಟರಲ್ಲಿ ಕಾವೇರಿ ನೀರು ಖಾಲಿಯಾಗಿ ಬೋರ್ ನೀರು ಬಂದಿರುತ್ತದೆ. ಅವರಿಗೂ ಹೇಳಿದೆ, ನಕ್ಕರು. ನಾನು ಹೈಪೋ ತಂದಿಟ್ಟಿದ್ದೇನೆ.