ಬಿಯರ್ಡೆಡ್ ಡ್ರ್ಯಾಗನ್ ಹೊಟ್ಟೆಯಲ್ಲಿ ಹುಳ: ನಾಯಿಯ ಮಾತ್ರೆ ಕೊಡಬಹುದಾ?

ಬಿಜೈ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು, ಬಿಜೈ. ಮನೆಯಲ್ಲಿ ಒಂದು ಬಿಯರ್ಡೆಡ್ ಡ್ರ್ಯಾಗನ್ ಉಂಟು, ಸಾಕುವ ಒಂದು ಜಾತಿಯ ಹಲ್ಲಿ, ಹೆಸರು ಚಿನ್ನು. ಒಂದೂವರೆ ವರ್ಷದ್ದು, ತೂಕ 280 ಗ್ರಾಂ. ಮಳೆ ಹಿಡಿದ ಮೇಲೆ ತಿನ್ನುವುದು ಕಡಿಮೆ ಮಾಡಿದೆ. ಹಿಕ್ಕೆ ನೀರುನೀರು, ವಾಸನೆ ಹೇಳಲಿಕ್ಕೆ ಸಾಧ್ಯ ಇಲ್ಲ. ನಿನ್ನೆ ಹಿಕ್ಕೆಯಲ್ಲಿ ಬಿಳಿ ನೂಲಿನ ತುಂಡಿನ ಹಾಗೆ ಎಂತದೋ ಕಂಡಿತು, ಬಗ್ಗಿ ನೋಡಿದರೆ ಅಲುಗಾಡುತ್ತಾ ಇತ್ತು.

ಮಾವನ ಮನೆಯಲ್ಲಿ ದನ ಉಂಟು. ಅವುಗಳಿಗೆ ಕೊಡುವ ಹುಳದ ಮದ್ದು ಐವರ್ಮೆಕ್ಟಿನ್ ಒಂದು ಹನಿ ಬಾಯಿಗೆ ಬಿಡು ಅಂತ ಮಾವ ಹೇಳ್ತಾರೆ. ನೆರೆಮನೆಯವರು ನಾಯಿಯ ಹುಳದ ಮಾತ್ರೆ ಕಾಲು ಭಾಗ ಕೊಡಿ ಅಂತಾರೆ. ಎರಡನ್ನೂ ಕೊಟ್ಟಿಲ್ಲ, ಕೈ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ, ಅಣ್ಣನ ಮಗುವಿಗೆ 3 ವರ್ಷ. ಅವರಿಗೆ ಈ ಹುಳ ಹರಡುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಂತೆಕಟ್ಟೆ_ತೋಟ:

ಪಪ್ಪಾಯಿ ಬೀಜ ಒಣಗಿಸಿ ಪುಡಿ ಮಾಡಿ ಒಂದು ಚಿಟಿಕೆ ಕೊಟ್ಟು ನೋಡಿ. ನಮ್ಮ ಕಡೆ ಕೋಳಿಗೆ ಹಾಗೆಯೇ ಮಾಡುವುದು. ಮದ್ದಿಗಿಂತ ಅದು ಒಳ್ಳೆಯದು.

ಕಲ್ಸಂಕದವ:

ಬಿಜೈಯವರೆ, ಕೊಡದೆ ನಿಂತದ್ದು ಒಳ್ಳೆಯದಾಯಿತು. ಇನ್ನೂ ಸ್ವಲ್ಪ ನಿಲ್ಲಿ, ನಾನು ಹೇಳುವುದನ್ನು ಪೂರ್ತಿ ಓದಿ. ನಾನು ಉಡುಪಿಯಲ್ಲಿ ಪ್ರಾಣಿಗಳ ಲ್ಯಾಬಿನಲ್ಲಿ ಟೆಕ್ನೀಶಿಯನ್. ದಿನ ಬೆಳಗಾದರೆ ಸೆಗಣಿ, ಹಿಕ್ಕೆ ನೋಡುವುದೇ ನನ್ನ ಕೆಲಸ. ಮನೆಯಲ್ಲಿ ಬಿಯರ್ಡೆಡ್ ಡ್ರ್ಯಾಗನ್ ಕೂಡ ಸಾಕಿದ್ದೇನೆ.

ಮೊದಲು ಆ ಒಂದು ಹನಿಯ ಲೆಕ್ಕ. ದನಕ್ಕೆ ಕೊಡುವ ಐವರ್ಮೆಕ್ಟಿನ್ 1 ಶೇಕಡಾದ್ದು, 50 ಕಿಲೋ ತೂಕಕ್ಕೆ 1 ಮಿಲಿ. ಅದೇ ಪ್ರಮಾಣವನ್ನು ನಿಮ್ಮ 280 ಗ್ರಾಮಿಗೆ ಇಳಿಸಿದರೆ 0.0056 ಮಿಲಿ ಬರುತ್ತದೆ. 100 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಗೆರೆ ಅಂದರೆ 0.01 ಮಿಲಿ. ನಿಮಗೆ ಬೇಕಾದ್ದು ಆ ಒಂದು ಗೆರೆಯ ಅರ್ಧಕ್ಕಿಂತ ಚೂರು ಜಾಸ್ತಿ. ಅದನ್ನು ಯಾರ ಕೈಯಲ್ಲೂ ಅಳೆಯಲಿಕ್ಕೆ ಆಗುವುದಿಲ್ಲ. ಒಂದು ಹನಿ ಬಿಟ್ಟಿರಾದರೆ ಅದರ ಎಷ್ಟೋ ಪಟ್ಟು ಹೋಯಿತು. ಐವರ್ಮೆಕ್ಟಿನ್ ನರಗಳ ಮೇಲೆ ಕೆಲಸ ಮಾಡುವ ಮದ್ದು. ಆಮೆಗಳಿಗೆ ಅದು ಪ್ರಾಣಕ್ಕೇ ಕುತ್ತು, ಹಲ್ಲಿ ಜಾತಿಗಳಲ್ಲೂ ಡಾಕ್ಟರುಗಳು ಬಹಳ ಹೆದರಿ ಬಳಸುತ್ತಾರೆ. ಮಾವನಿಗೆ ದನದ ವಿಷಯ ಚೆನ್ನಾಗಿ ಗೊತ್ತಿರಬಹುದು, ಇಲ್ಲಿ ಅವರ ಮಾತು ಕೇಳಬೇಡಿ.

ನಾಯಿಯ ಮಾತ್ರೆಯದ್ದೂ ಅದೇ ಕಥೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಮಾತ್ರೆಗಳು 10 ಕಿಲೋ ನಾಯಿಗೆ ಒಂದು ಅಂತ ಮಾಡಿದ್ದು. ಚಿನ್ನು ಅದರ 35ರಲ್ಲಿ ಒಂದು ಪಾಲು ಕೂಡ ತೂಗುವುದಿಲ್ಲ. ಕಾಲು ಮಾತ್ರೆ ಅಂದರೆ ಎಷ್ಟಾಯಿತು ನೋಡಿ. ಅದರಲ್ಲೂ ಒಂದೇ ಮಾತ್ರೆಯೊಳಗೆ ಮೂರು ಮದ್ದು ಸೇರಿಸಿರುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ, ಹೊಟ್ಟೆಯಲ್ಲಿ ಇರುವುದು ಎಂತದು ಅಂತಲೇ ನಿಮಗೆ ಇನ್ನೂ ಗೊತ್ತಿಲ್ಲ. ಈ ಜಾತಿಯಲ್ಲಿ ಹೆಚ್ಚಾಗಿ ಕಾಣುವುದು ಎರಡು. ಒಂದು ಪಿನ್‌ವರ್ಮ್, ಅದು ಹುಳ. ಇನ್ನೊಂದು ಕಾಕ್ಸಿಡಿಯ, ಅದು ಕಣ್ಣಿಗೆ ಕಾಣದ ಏಕಕೋಶಿ ಜೀವಿ. ಪಿನ್‌ವರ್ಮಿಗೆ ಸಾಮಾನ್ಯವಾಗಿ ಕೊಡುವ ಫೆನ್‌ಬೆಂಡಜೋಲ್‌ನಿಂದ ಕಾಕ್ಸಿಡಿಯಕ್ಕೆ ಏನೂ ಆಗುವುದಿಲ್ಲ. ಕಾಕ್ಸಿಡಿಯದ ಮದ್ದು ಹುಳಕ್ಕೆ ನಾಟುವುದಿಲ್ಲ. ಫೆನ್‌ಬೆಂಡಜೋಲ್ ಸೌಮ್ಯ ಅಂತ ಹೆಸರು ಪಡೆದದ್ದು ಹೌದು, ಆದರೆ ಜಾಸ್ತಿಯಾದರೆ ಮೂಳೆಯೊಳಗಿನ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿಬಿಡುತ್ತದೆ. ಕಾಕ್ಸಿಡಿಯಕ್ಕೆ ಕೊಡುವ ಸಲ್ಫಾ ಮದ್ದುಗಳು ನೀರು ಕಡಿಮೆ ಇರುವ ದೇಹದಲ್ಲಿ ಕಿಡ್ನಿಗೆ ಹೊಡೆಯುತ್ತವೆ. ಹಾಗಾಗಿ ಅಂದಾಜಿನಲ್ಲಿ ಯಾವುದನ್ನೂ ಕೊಡುವ ಹಾಗಿಲ್ಲ.

ಮೈಕ್ರೋಸ್ಕೋಪಿನಲ್ಲಿ ಇವೆರಡೂ ಬೇರೆ ಬೇರೆ ಅಂತ ಸ್ಪಷ್ಟ ಕಾಣುತ್ತದೆ. ಪಿನ್‌ವರ್ಮಿನ ಮೊಟ್ಟೆ ಉದ್ದಕ್ಕೆ ಇರುತ್ತದೆ, ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ. ಕಾಕ್ಸಿಡಿಯದ ಕೋಶ ದುಂಡಗೆ, ತೆಳ್ಳಗಿನ ಗೋಡೆಯದ್ದು. ಬಲಿತರೆ ಅದರೊಳಗೆ ಎರಡು ಚೀಲ, ಒಂದೊಂದರಲ್ಲೂ ನಾಲ್ಕು ಮರಿ. ಇಷ್ಟೇ ಅಲ್ಲ, ತಿಂದ ಜಿರಳೆ, ಕ್ರಿಕೆಟ್ ಹುಳುಗಳ ಹೊಟ್ಟೆಯ ಪರಾವಲಂಬಿಗಳೂ ಹಿಕ್ಕೆಯಲ್ಲಿ ಹಾದುಹೋಗುತ್ತವೆ. ಅವು ನಿಮ್ಮ ಪ್ರಾಣಿಗೆ ಏನೂ ಮಾಡುವುದಿಲ್ಲ, ಆದರೆ ಸರೀಸೃಪಗಳ ಸ್ಲೈಡ್ ನೋಡಿ ಅಭ್ಯಾಸ ಇಲ್ಲದವರು ರೋಗ ಅಂತ ಬರೆದುಬಿಡಬಹುದು. ಪಿನ್‌ವರ್ಮ್ ಮೊಟ್ಟೆ ಒಂದೋ ಎರಡೋ ಕಂಡರೆ, ಪ್ರಾಣಿ ಚುರುಕಾಗಿದ್ದರೆ, ಮದ್ದೇ ಬೇಡ ಅನ್ನುವ ಡಾಕ್ಟರುಗಳೂ ಇದ್ದಾರೆ. ನಿಮ್ಮದರಲ್ಲಿ ತಿನ್ನುವುದು ಕಡಿಮೆಯಾಗಿದೆ, ಹಾಗಾಗಿ ತೋರಿಸಲೇಬೇಕು.

ನಾಳೆ ಬೆಳಿಗ್ಗೆ ಹಿಕ್ಕೆ ಹಾಕಿದ ಕೂಡಲೇ ಒಂದು ಚಿಕ್ಕ ಮುಚ್ಚಳದ ಡಬ್ಬಿಗೆ ಹಾಕಿ. ಬಿಳಿ ಭಾಗ ಮೂತ್ರದ್ದು, ನಮಗೆ ಬೇಕಾದ್ದು ಕಂದು ಭಾಗ. ಒಣಗದ ಹಾಗೆ ಮುಚ್ಚಿ ಅವತ್ತೇ ತಲುಪಿಸಿ. ತಡವಾಗುವುದಾದರೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಬೇರೆ ಚೀಲದೊಳಗೆ ಇಡಿ, ಫ್ರೀಜರಿನಲ್ಲಿ ಬೇಡ. ತುಂಬ ಹೊತ್ತು ಬಿದ್ದಿದ್ದ ಹಿಕ್ಕೆ ತರಬೇಡಿ, ಈ ಮಳೆಯಲ್ಲಿ ನೊಣ ಕೂತು ಮರಿಹುಳ ಆಗಲಿಕ್ಕೆ ಹೆಚ್ಚು ಹೊತ್ತು ಬೇಡ. ಡಾಕ್ಟರಿಗೆ ಫೋನ್ ಮಾಡುವಾಗ ಸರೀಸೃಪ ನೋಡ್ತೀರಾ ಅಂತ ಮೊದಲೇ ಕೇಳಿ. ಹಿಕ್ಕೆ ಪರೀಕ್ಷೆ ನೇರ ಸ್ಲೈಡ್ ಮತ್ತು ಉಪ್ಪುನೀರಿನಲ್ಲಿ ತೇಲಿಸುವುದು ಎರಡೂ ಬೇಕು ಅಂತ ಹೇಳಿ. ಊರಲ್ಲಿ ಯಾರೂ ಸಿಗದಿದ್ದರೆ ಶಿವಮೊಗ್ಗದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಉಂಟು. ನಿಮ್ಮ ಡಾಕ್ಟರು ಅಲ್ಲಿಯವರನ್ನು ಕೇಳಿಕೊಂಡು ಮದ್ದು ಬರೆಯಬಹುದು.

ಅಷ್ಟರವರೆಗೆ ಬಿಸಿ ನೋಡಿಕೊಳ್ಳಿ. ಇದು ಆಸ್ಟ್ರೇಲಿಯದ ಒಣಭೂಮಿಯ ಪ್ರಾಣಿ, ಆಷಾಢದ ಮಂಗಳೂರು ಇದಕ್ಕೆ ಪರದೇಶವೇ. ಬಲ್ಬಿನ ಕೆಳಗೆ ಕೂರುವ ಜಾಗದಲ್ಲಿ 38ರಿಂದ 42 ಡಿಗ್ರಿ ಬೇಕು, ಇನ್ನೊಂದು ತುದಿಯಲ್ಲಿ 25ರಿಂದ 28. ಗಾಜಿಗೆ ಅಂಟಿಸುವ ಥರ್ಮಾಮೀಟರ್ ಗಾಜಿನ ಬಿಸಿ ಹೇಳುತ್ತದೆ, ತಂತಿಯ ತುದಿಯದ್ದು ತೆಗೆದುಕೊಂಡು ಅದು ಮಲಗುವ ಕಲ್ಲಿನ ಮೇಲೆ ಇಟ್ಟು ನೋಡಿ. ಕರೆಂಟು ಹೋಗಿ ಬಲ್ಬು ಆರಿದರೆ ತಿಂದದ್ದು ಕರಗುವುದಿಲ್ಲ, ಮೈಯ ಶಕ್ತಿಯೂ ಇಳಿಯುತ್ತದೆ, ಪರಾವಲಂಬಿ ಹೆಚ್ಚುವುದು ಆಗಲೇ. ಕಣ್ಣು ಒಳಗೆ ಹೋದ ಹಾಗೆ ಕಂಡರೆ ಉಗುರುಬೆಚ್ಚಗಿನ ನೀರಿನಲ್ಲಿ ಅದರ ಮೊಣಕೈ ಮುಳುಗುವಷ್ಟಕ್ಕೆ ಮಾತ್ರ ಹತ್ತು ನಿಮಿಷ ಕೂರಿಸಿ, ಪಕ್ಕದಲ್ಲೇ ಇರಿ. ನೀರಿಲ್ಲದೆ ಸೊರಗಿದ ಪ್ರಾಣಿಗೆ ಹುಳದ ಮದ್ದು ಕೊಡುವುದು ಅಪಾಯ. ಹುಳ ತುಂಬ ಇದ್ದರೆ ಸತ್ತ ಹುಳಗಳ ಗಂಟು ಕರುಳಿನಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಸಂತೆಕಟ್ಟೆಯವರೆ, ಬೇಸರ ಮಾಡಬೇಡಿ. ಕೋಳಿಗೆ ಕೊಡುವುದು ನಿಮ್ಮ ಅನುಭವ. ಆದರೆ ಹಲ್ಲಿಗೆ ಎಷ್ಟು ಕೊಟ್ಟರೆ ಕ್ಷೇಮ ಅಂತ ಯಾರೂ ಅಳೆದಿಟ್ಟಿಲ್ಲದ ವಸ್ತುವನ್ನು ಕಾಯಿಲೆ ಬಿದ್ದ ಪ್ರಾಣಿಯ ಬಾಯಿಗೆ ಹಾಕಲಿಕ್ಕೆ ನಾನು ಹೇಳುವುದಿಲ್ಲ.

ಅಜ್ಜಿ, ಮಗುವಿನ ಪ್ರಶ್ನೆ. ಡ್ರ್ಯಾಗನ್ನಿನ ಪಿನ್‌ವರ್ಮ್ ಬೇರೆ, ಮಕ್ಕಳ ಹೊಟ್ಟೆಯದ್ದು ಬೇರೆ, ಅದು ದಾಟುವುದಿಲ್ಲ. ಹೆದರಬೇಕಾದ್ದು ಸಾಲ್ಮೊನೆಲ್ಲಾ ಅನ್ನುವ, ಭೇದಿ ತರುವ ಬ್ಯಾಕ್ಟೀರಿಯಕ್ಕೆ, ಅದು ಆರೋಗ್ಯವಾಗಿರುವ ಹಲ್ಲಿಯ ಹಿಕ್ಕೆಯಲ್ಲೂ ಇರಬಹುದು. ಐದು ವರ್ಷದೊಳಗಿನ ಮಗು ಮುಟ್ಟುವುದೇ ಬೇಡ. ಅಡುಗೆಮನೆಯ ಸಿಂಕಿನಲ್ಲಿ ಅದರ ತಟ್ಟೆ ತೊಳೆಯಬೇಡಿ. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ.

ಬಿಜೈ_ಮನೆ:

ತುಂಬ ಉಪಕಾರ ಆಯಿತು ಅಣ್ಣ. ಬಿಸಿ ನೋಡಿದೆ, 33 ಇತ್ತು. ಬಲ್ಬು ಬದಲಾಯಿಸಿದೆ. ಹಿಕ್ಕೆ ಕೊಟ್ಟು ಬಂದೆವು, ಪಿನ್‌ವರ್ಮ್ ಮೊಟ್ಟೆ ರಾಶಿ ಉಂಟು, ಕಾಕ್ಸಿಡಿಯ ಸ್ವಲ್ಪ ಅಂತ ರಿಪೋರ್ಟ್. ಡಾಕ್ಟರು ನಮ್ಮೆದುರೇ ತೂಕ ಮಾಡಿ, ಲೆಕ್ಕ ಹಾಕಿ, ಫೆನ್‌ಬೆಂಡಜೋಲ್ ದ್ರವ ಸಿರಿಂಜಿನಲ್ಲಿ ಗುರುತು ಮಾಡಿ ಕೊಟ್ಟರು. ಕಾಕ್ಸಿಡಿಯಕ್ಕೆ ಮದ್ದು ಬೇಕಾ ಅಂತ ಮರುಪರೀಕ್ಷೆ ನೋಡಿ ಹೇಳ್ತಾರಂತೆ. ಗೂಡು ಎಂತದರಲ್ಲಿ ತೊಳೆಯುವುದು, ಫಿನಾಯಿಲ್ ಆಗ್ತದಾ?

ಕಲ್ಸಂಕದವ:

ಫಿನಾಯಿಲ್ ಬೇಡವೇ ಬೇಡ, ಅದು ಸರೀಸೃಪಗಳಿಗೆ ವಿಷ. ಬ್ಲೀಚಿಂಗ್ ಪುಡಿಗೂ ಕಾಕ್ಸಿಡಿಯದ ಕೋಶ ಸಾಯುವುದಿಲ್ಲ. ಕುದಿಯುವ ನೀರು ಅಥವಾ ಹಬೆ, ಇವಕ್ಕೆ ಸಾಯುತ್ತದೆ. ಚಿನ್ನುವನ್ನು ಬೇರೆ ಡಬ್ಬಿಗೆ ಹಾಕಿ, ಗೂಡಿನ ಹೊಲಸು ಪೂರ್ತಿ ಉಜ್ಜಿ ತೆಗೆದು, ಆಮೇಲೆ ಹಬೆ ಕೊಡಿ, ಚೆನ್ನಾಗಿ ಒಣಗಿಸಿ. ಗಾಜಿಗೆ ಕುದಿಯುವ ನೀರು ಒಮ್ಮೆಲೇ ಸುರಿದರೆ ಒಡೆದೀತು. ತೆಂಗಿನ ನಾರಿನ ಪುಡಿ ಹಾಕಿದ್ದರೆ ತೆಗೆದು ಬಿಸಾಡಿ, ಮದ್ದು ಮುಗಿಯುವವರೆಗೆ ಹಳೇ ಪೇಪರ್ ಹಾಸಿ. ಬಿರುಕು ಬಿಟ್ಟ ಕೊಂಬೆ ಇದ್ದರೆ ಅದನ್ನೂ ಎಸೆಯಿರಿ. ಹಿಕ್ಕೆ ಕಂಡ ಕೂಡಲೇ ತೆಗೆಯಿರಿ, ಈ ತೇವದಲ್ಲಿ ಕಾಕ್ಸಿಡಿಯ ಬೇಗ ಬಲಿಯುತ್ತದೆ. ಬಲಿತ ಕೋಶ ಮತ್ತೆ ಬಾಯಿಗೆ ಹೋದರೆ ಮೊದಲಿಂದ ಶುರು.

ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ಗೂಡಿನಲ್ಲಿ ಬಿಡಬೇಡಿ. ಅವು ಹಿಕ್ಕೆ ತಿನ್ನುತ್ತವೆ, ಚಿನ್ನು ಅವನ್ನು ತಿನ್ನುತ್ತದೆ. ಹಿತ್ತಿಲಿನ ಮಿಡತೆ, ಅಡುಗೆಮನೆಯ ಜಿರಳೆ ಹಿಡಿದು ಹಾಕುವ ಅಭ್ಯಾಸ ಇದ್ದರೆ ನಿಲ್ಲಿಸಿ.

ಮಣಿಪಾಲ_ರಾತ್ರಿಪಾಳಿ:

ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಮಿಂಚುಹುಳ ಬರುತ್ತದಲ್ಲ, ಅದು ಗೂಡಿಗೆ ಹೋಗದ ಹಾಗೆ ಬಲೆ ಹಾಕಿ. ಅಮೆರಿಕದ ಫೋಟಿನಸ್ ಜಾತಿಯ ಮಿಂಚುಹುಳ ತಿಂದು ಬಿಯರ್ಡೆಡ್ ಡ್ರ್ಯಾಗನ್ ಸತ್ತದ್ದು ದಾಖಲೆಯಲ್ಲಿ ಉಂಟು, ಒಂದೇ ಹುಳ ಸಾಕು. ನಮ್ಮ ಊರಿನವು ಬೇರೆ ಜಾತಿಯಾದರೂ ಪರೀಕ್ಷೆ ಮಾಡಿ ನೋಡುವ ವಿಷಯ ಅಲ್ಲ ಇದು.

ಬಿಜೈ_ಮನೆ:

ಆಯಿತು, ಕಿಟಕಿಗೆ ಬಲೆ ಹಾಕಿಸುತ್ತೇವೆ. ಮರುಪರೀಕ್ಷೆಗೆ ಯಾವಾಗ ಕೊಡಬೇಕು? ಈಗಲೇ ಹಿಕ್ಕೆ ಗಟ್ಟಿಯಾಗಿದೆ, ಕುಂಬಳಕಾಯಿ ತುರಿ ತಿಂದಿತು.

ಕಲ್ಸಂಕದವ:

ತಿಂದದ್ದು ಕೇಳಿ ನಿಜವಾಗಿ ಖುಷಿಯಾಯಿತು. ಹಾಗಂತ ಮದ್ದು ಅರ್ಧಕ್ಕೆ ಬಿಡಬೇಡಿ, ಡಾಕ್ಟರು ಹೇಳಿದ ಎಲ್ಲ ಸರದಿ ಮುಗಿಸಿ. ಸಾಮಾನ್ಯವಾಗಿ ಕೊನೆಯ ಸರದಿ ಆಗಿ ಎರಡು ಮೂರು ವಾರಕ್ಕೆ ಮರುಪರೀಕ್ಷೆ. ಪ್ರತಿ ವಾರ ಒಂದೇ ಹೊತ್ತಿಗೆ, ತಿನ್ನುವ ಮೊದಲು ತೂಕ ಮಾಡಿ ಬರೆದಿಡಿ, ಅಡುಗೆಮನೆಯದ್ದಲ್ಲದ ಬೇರೆ ತಕ್ಕಡಿಯಲ್ಲಿ. ನಡುವೆ ತೂಕ ಇಳಿದರೆ, ತಲೆ ವಾಲಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಆ ದಿನಾಂಕಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.