ಕಡತ ತೆರೆದರೂ ಬರವಣಿಗೆ ಶುರುವಾಗುವುದಿಲ್ಲ: ಇದು ಶಿಸ್ತಿನ ಕೊರತೆಯೇ?

ಪ್ರಶ್ನೆ
ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯವನ್ನು ಬರೆಯಬೇಕಾಗಿದೆ. ಟಿಪ್ಪಣಿಗಳು ಸಿದ್ಧವಿವೆ, ಸಮಯವೂ ಇದೆ. ಆದರೆ ಕಡತ ತೆರೆದೊಡನೆ ಮೇಜು ಒರೆಸುವುದು, ಹಳೆಯ ಇ-ಮೇಲ್‌ಗಳನ್ನು ಅಳಿಸುವುದು, ಅಡಿಟಿಪ್ಪಣಿಯ ಅಕ್ಷರಗಾತ್ರ ಸರಿಪಡಿಸುವುದು ಇಂಥವೇ ತುರ್ತಿನ ಕೆಲಸಗಳಾಗಿ ಕಾಣತೊಡಗುತ್ತವೆ. ವೇಳಾಪಟ್ಟಿ ಹಾಕಿಕೊಂಡರೆ ಕೆಲವು ದಿನ ನಡೆಯುತ್ತದೆ. ಒಂದು ದಿನ ತಪ್ಪಿದರೆ ಅಲ್ಲಿಗೇ ನಿಲ್ಲುತ್ತದೆ. ನನ್ನಲ್ಲಿ ಇಚ್ಛಾಶಕ್ತಿಯೇ ಇಲ್ಲವೇ?

ಉತ್ತರ 1
ನೀವು ಸೋಮಾರಿಯಾಗಿದ್ದರೆ ಮೇಜನ್ನೂ ಒರೆಸುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿ ಮತ್ತು ತಿಮೊತಿ ಪಿಚಿಲ್ 2013ರ ಲೇಖನವೊಂದರಲ್ಲಿ ವಾದಿಸಿದಂತೆ, ಮುಂದೂಡುವಿಕೆಯು ಸಮಯ ನಿರ್ವಹಣೆಯ ಸಮಸ್ಯೆಗಿಂತ ಹೆಚ್ಚಾಗಿ ಭಾವನೆಗಳನ್ನು ನಿಭಾಯಿಸುವ ಸಮಸ್ಯೆ. ಬರೆದದ್ದು ಚೆನ್ನಾಗಿರದಿದ್ದರೆ ಎಂಬ ಅಳುಕು ಕಡತ ತೆರೆದಾಗ ಎದ್ದು ನಿಲ್ಲುತ್ತದೆ, ಮೇಜು ಒರೆಸಲು ಹೋದರೆ ಆ ಕ್ಷಣಕ್ಕೆ ಅಡಗುತ್ತದೆ. ಆ ನೆಮ್ಮದಿಯೇ ಚಟವನ್ನು ಗಟ್ಟಿಮಾಡುತ್ತದೆ. ‘ನಾಳೆ ಎಂದವನ ಮನೆ ಹಾಳು’ ಎಂದು ತನ್ನನ್ನು ತಾನೇ ಹಳಿದುಕೊಂಡರೆ ಅಳುಕು ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಅಧ್ಯಾಯ ಒಂದು ಸಾಲೂ ಮುಂದೆ ಸಾಗುವುದಿಲ್ಲ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಕಾರಣ ತಿಳಿದ ಮಾತ್ರಕ್ಕೆ ಕೈ ಓಡುವುದಿಲ್ಲ. ‘ಇಂದು ಅಧ್ಯಾಯ ಬರೆಯುತ್ತೇನೆ’ ಎಂಬ ಸಂಕಲ್ಪದಲ್ಲಿ ಎಲ್ಲಿ, ಯಾವಾಗ, ಯಾವುದರಿಂದ ಎಂಬುದೇ ಇಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನಗಳು ತೋರಿಸಿರುವಂತೆ, ‘ಇಂಥ ಸಂದರ್ಭ ಬಂದಾಗ ಇಂಥ ಕೆಲಸ ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಗುರಿ ಇಟ್ಟುಕೊಂಡವರಿಗಿಂತ ಹೆಚ್ಚಾಗಿ ಅದನ್ನು ನೆರವೇರಿಸುತ್ತಾರೆ. ಹಿಂದಿನ ರಾತ್ರಿಯೇ ಮುಂದಿನ ಪರಿಚ್ಛೇದದ ಮೊದಲ ವಾಕ್ಯವನ್ನು ಅರ್ಧ ಬರೆದು, ಅದೊಂದೇ ಕಡತವನ್ನು ತೆರೆದಿಟ್ಟು ಏಳಿ. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಆ ಅರ್ಧ ವಾಕ್ಯವನ್ನು ಮುಗಿಸುವುದಷ್ಟೇ ನಿಮ್ಮ ಕೆಲಸವಾಗಿರಲಿ. ವಾಕ್ಯ ಕೆಟ್ಟದಾಗಿದ್ದರೂ ಪರವಾಗಿಲ್ಲ, ತಿದ್ದುವ ಕೆಲಸಕ್ಕೆ ಮಧ್ಯಾಹ್ನವಿದೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನೂ ಬೇಕಾದರೆ ಜೊತೆಗಿಟ್ಟುಕೊಳ್ಳಿ, ಆದರೆ ಬರವಣಿಗೆ ಹದಕ್ಕೆ ಬಂದಾಗ ಗಂಟೆ ಬಾರಿಸಿತೆಂದು ಎದ್ದುಹೋಗುವುದು ನನಗಂತೂ ಒಪ್ಪಿಗೆಯಿಲ್ಲ.

ಉತ್ತರ 3
ಒಂದು ದಿನ ತಪ್ಪಿದರೆ ಎಲ್ಲವೂ ಮುಗಿಯಿತೆಂಬ ಲೆಕ್ಕವೇ ತಪ್ಪು. ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು 18ರಿಂದ 254 ದಿನಗಳವರೆಗೆ ಬೇಕಾಯಿತು. ನಡುವೆ ಒಮ್ಮೆ ತಪ್ಪಿದ್ದರಿಂದ ಹೆಚ್ಚೇನೂ ಹಾನಿಯಾಗಲಿಲ್ಲ. ಅಲ್ಲಿದ್ದದ್ದು ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು ಮುಂತಾದ ಅಭ್ಯಾಸಗಳು ಎಂಬುದು ನೆನಪಿರಲಿ. ಪ್ರಬಂಧ ಬರೆಯುವುದು ಅವುಗಳಷ್ಟು ಸರಳವಲ್ಲ.

ಪ್ರಶ್ನೆ ಕೇಳಿದವರು
ಅರ್ಧ ವಾಕ್ಯದ ಉಪಾಯವನ್ನು ಇಂದಿನಿಂದಲೇ ಪ್ರಯತ್ನಿಸುತ್ತೇನೆ. ಆದರೆ ಎರಡನೆಯ ಅಧ್ಯಾಯಕ್ಕೆ ಇಷ್ಟು ತೊಡಕಾಗಿರಲಿಲ್ಲ, ಇದಕ್ಕೇ ಏಕೆ ಎಂಬುದು ಹೊಳೆಯುತ್ತಿಲ್ಲ.

ಉತ್ತರ 2 ನೀಡಿದವರು
ಹಾಗಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ: ಈ ಅಧ್ಯಾಯದ ವಾದವನ್ನು ಟಿಪ್ಪಣಿ ನೋಡದೆ ಎರಡು ವಾಕ್ಯಗಳಲ್ಲಿ ಹೇಳಬಲ್ಲಿರಾ? ಹೇಳಲಾಗದಿದ್ದರೆ ಇದು ಮುಂದೂಡುವಿಕೆಯಲ್ಲ, ಇನ್ನೂ ತೀರ್ಮಾನವಾಗದೆ ಉಳಿದ ವಿಷಯ. ಅದಕ್ಕೆ ವೇಳಾಪಟ್ಟಿ ಬೇಕಿಲ್ಲ, ಮಾರ್ಗದರ್ಶಕರೊಡನೆ ಅರ್ಧ ಗಂಟೆಯ ಮಾತುಕತೆ ಬೇಕು.