ಓದುಗರ ಸ್ಪಂದನ: ಗೆಳೆಯನ ಮದುವೆಯಲ್ಲಿ ಎರಡನೇ ಕ್ಯಾಮೆರಾ

ಸಮಸ್ಯೆ: ಗೆಳೆಯನ ಮದುವೆ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿದೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಮನೆಯವರು ಫೋಟೊಗ್ರಾಫರ್ ಗೊತ್ತು ಮಾಡಿದ್ದಾರೆ. ಆದರೂ ಗೆಳೆಯ "ನೀನೂ ಕ್ಯಾಮೆರಾ ತಗೊಂಡು ಬಾ, ಅವರ ಜೊತೆ ಎರಡನೆಯವನಾಗಿ ತೆಗಿ" ಅಂದಿದ್ದಾನೆ. ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಕಿಟ್ ಲೆನ್ಸ್, 50 ಎಂಎಂ 1.8 ಲೆನ್ಸ್ ಮತ್ತು ಒಂದು ಫ್ಲ್ಯಾಶ್ ಇವೆ. ಹಕ್ಕಿ, ಬೆಟ್ಟಗುಡ್ಡ ಬಿಟ್ಟರೆ ಜನರನ್ನು ತೆಗೆದು ಅಭ್ಯಾಸವಿಲ್ಲ. ಹೇಗೆ ಸಿದ್ಧನಾಗಲಿ?

ಮೊದಲು ಒಂದು ಫೋನ್ ಮಾಡಿ

ಕರೆದದ್ದು ಗೆಳೆಯನಾದರೂ ಧಾರೆ ಮಂಟಪದಲ್ಲಿ ನೀವು ಜಾಗ ಹಂಚಿಕೊಳ್ಳಬೇಕಾದ್ದು ಮನೆಯವರು ಗೊತ್ತು ಮಾಡಿರುವ ಫೋಟೊಗ್ರಾಫರ್ ಜೊತೆ. ಅವರ ನಂಬರ್ ಇಸಿದುಕೊಂಡು ಒಂದು ವಾರ ಮೊದಲೇ ಮಾತಾಡಿ. ಧಾರೆಯ ಹೊತ್ತಿಗೆ ಅವರು ಯಾವ ಕಡೆ ನಿಲ್ಲುತ್ತಾರೆ, ವಿಡಿಯೊದವರ ಟ್ರೈಪಾಡ್ ಎಲ್ಲಿರುತ್ತದೆ, ಡ್ರೋನ್ ಇದೆಯೇ, ನೀವು ಏನು ತೆಗೆದರೆ ಅವರಿಗೆ ಅನುಕೂಲ ಎಂದು ಕೇಳಿ. ನಿಮ್ಮ ಚಿತ್ರಗಳು ಅವರ ಆಲ್ಬಮ್ಮಿಗೆ ಸೇರುತ್ತವೆಯೋ, ಗೆಳೆಯನಿಗೆ ಬೇರೆಯಾಗಿ ಕೊಡುತ್ತೀರೋ ಎಂಬುದೂ ಆ ಮಾತಿನಲ್ಲೇ ತೀರ್ಮಾನವಾಗಲಿ.

ಫ್ಲ್ಯಾಶ್ ಟ್ರಿಗರ್ ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮುಖ್ಯ ಫೋಟೊಗ್ರಾಫರ್ ಸ್ಟ್ಯಾಂಡ್ ಮೇಲಿಟ್ಟ ಲೈಟುಗಳು ವೈರ್‌ಲೆಸ್ ಟ್ರಿಗರ್‌ನಿಂದ ಹೊಡೆಯುತ್ತವೆ. ನೀವೂ ಅದೇ ಕಂಪನಿಯ ಟ್ರಿಗರ್ ಅದೇ ಚಾನೆಲ್‌ನಲ್ಲಿ ಹಾಕಿದರೆ ನಿಮ್ಮ ಪ್ರತಿ ಕ್ಲಿಕ್ಕಿಗೂ ಅವರ ಲೈಟ್ ಹೊಡೆಯುತ್ತದೆ. ಅದು ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಅವರು ಕ್ಲಿಕ್ಕಿಸಿದರೆ ತಾಳಿ ಕಟ್ಟುವ ಫೋಟೊ ಕತ್ತಲೆ. ಅವರ ಚಾನೆಲ್ ಕೇಳಿಕೊಂಡು ನಿಮ್ಮದನ್ನು ಬೇರೆ ಮಾಡಿ. ಅವರ ಲೈಟ್ ಆಪ್ಟಿಕಲ್ ಸ್ಲೇವ್ ಮೋಡ್‌ನಲ್ಲಿದ್ದರೆ ಚಾನೆಲ್ ಬದಲಿಸಿಯೂ ಫಲವಿಲ್ಲ. ನಿಮ್ಮ ಫ್ಲ್ಯಾಶಿನ ಬೆಳಕು ಕಂಡರೆ ಸಾಕು, ಅದು ಹೊಡೆಯುತ್ತದೆ. ಹಾಗಾಗಿ ಮುಹೂರ್ತದ ಹೊತ್ತಿನಲ್ಲಿ ಫ್ಲ್ಯಾಶ್ ತೆಗೆದು ಬ್ಯಾಗಿಗೆ ಹಾಕಿಬಿಡಿ. ಫೋಕಸ್ ಸಹಾಯಕ್ಕೆ ಕ್ಯಾಮೆರಾ ಬಿಡುವ ಕೆಂಪು ಅಥವಾ ಹಸಿರು ಬೆಳಕನ್ನೂ ಮೆನುವಿನಲ್ಲಿ ಆಫ್ ಮಾಡಿ. ಅದು ವಧುವಿನ ಮುಖದ ಮೇಲೆ ಬಿದ್ದು ಅವರ ಫೋಟೊದಲ್ಲೂ ವಿಡಿಯೊದಲ್ಲೂ ಕಾಣುತ್ತದೆ.

ಗ್ರೂಪ್ ಫೋಟೊ ಹೊತ್ತಿಗೆ ಅವರ ಹೆಗಲ ಪಕ್ಕ ನಿಂತು ತೆಗೆಯಬೇಡಿ. ಹದಿನೈದು ಜನರ ಮುಂದೆ ಎರಡು ಲೆನ್ಸ್ ಇದ್ದರೆ ಅರ್ಧ ಜನ ಇತ್ತ, ಅರ್ಧ ಜನ ಅತ್ತ ನೋಡುತ್ತಾರೆ, ಎರಡೂ ಚಿತ್ರ ಹಾಳು. ಆ ಹೊತ್ತಿನಲ್ಲಿ ನಿಮ್ಮ ಜಾಗ ಸ್ಟೇಜಿನ ಮೆಟ್ಟಿಲ ಬಳಿ. ಸೆರಗು ಸರಿಮಾಡಿಕೊಳ್ಳುವವರು, ಮೊಮ್ಮಗನನ್ನು ಎತ್ತಿಕೊಂಡು ಸರದಿಗೆ ಕಾಯುವ ಅಜ್ಜ, ಮದುಮಗನ ಕಿವಿಯಲ್ಲಿ ಏನೋ ಹೇಳಿ ನಗಿಸುವ ಕಾಲೇಜು ಗೆಳೆಯರು, ಇವರೆಲ್ಲ ನಿಮಗೆ ಸಿಗುವುದು ಅಲ್ಲಿ. ಮುಖ್ಯ ಫೋಟೊಗ್ರಾಫರ್‌ಗೆ ವಧೂವರರ ಮೇಲಿಂದ ಕಣ್ಣು ಕೀಳಲು ಆಗುವುದಿಲ್ಲ. ಗಟ್ಟಿಮೇಳದ ಹೊತ್ತಿಗೆ ವಧುವಿನ ತಾಯಿಯ ಮುಖ ಹೇಗಿತ್ತು ಎಂಬುದು ಆಲ್ಬಮ್ಮಿನಲ್ಲಿ ಇರಬೇಕಾದರೆ ಅದನ್ನು ನೀವೇ ತೆಗೆಯಬೇಕು.

— ಮದುವೆ ಫೋಟೊಗ್ರಾಫರ್, ದಾವಣಗೆರೆ

ಛತ್ರದ ಬೆಳಕಿಗೆ ಸೆಟ್ಟಿಂಗ್

ಎರಡು ಲೆನ್ಸಿನಲ್ಲಿ 50 ಎಂಎಂ ಅನ್ನೇ ಹೆಚ್ಚು ಹೊತ್ತು ಹಾಕಿಕೊಂಡಿರಿ. ಕಿಟ್ ಲೆನ್ಸ್ 55 ಎಂಎಂಗೆ ಹೋದಾಗ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6ಕ್ಕಿಂತ ದೊಡ್ಡದಾಗುವುದಿಲ್ಲ. 50 ಎಂಎಂ ಅನ್ನು ಎಫ್ 2.8ಕ್ಕೆ ಇಟ್ಟರೂ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ಬೇಕಾದಲ್ಲಿ 50 ಎಂಎಂನಲ್ಲಿ 1600 ಸಾಕು.

ಹಾಗಂತ ಎಫ್ 1.8ರಲ್ಲೇ ತೆಗೆಯುವ ಆಸೆ ಬೇಡ. ಕ್ರಾಪ್ ಸೆನ್ಸರಿನಲ್ಲಿ 2 ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 11-12 ಸೆಂಟಿಮೀಟರ್ ಮಾತ್ರ. ಪಕ್ಕದಿಂದ ತೆಗೆಯುವಾಗ ವಧುವಿನ ಮುಖ ಸರಿಯಾಗಿ ಬಂದು ಹಿಂದಿರುವ ವರನ ಮುಖ ಮಂಜಾಗುತ್ತದೆ. ಎಫ್ 2.8ರಲ್ಲಿ ಆ ಆಳ 18 ಸೆಂಟಿಮೀಟರಿಗೆ ಏರುತ್ತದೆ. ಒಬ್ಬರ ಮುಖಕ್ಕೆ 2.2, ಇಬ್ಬರಿದ್ದರೆ 2.8 ಅಥವಾ 3.5, ಸಾಲಾಗಿ ನಿಂತವರಿಗೆ 5.6 ಇಟ್ಟುಕೊಳ್ಳಿ.

ಇನ್ನು ಶಟರ್, ಅಂದರೆ ಬೆಳಕು ಒಳಬೀಳುವ ಸಮಯ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಆದ್ದರಿಂದ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/100ರಲ್ಲಿ ಒಂದು, 1/50ರಲ್ಲಿ ಎರಡು ಪೂರ್ತಿ ಏರಿಳಿತ ಒಳಗೆ ಸೇರುವುದರಿಂದ ಬೆಳಕು ಸಮನಾಗಿ ಬರುತ್ತದೆ. 1/250, 1/320ಕ್ಕೆ ಹೋದರೆ ಒಂದು ಫೋಟೊ ಹಳದಿ, ಮುಂದಿನದು ಕಪ್ಪು, ಕೆಲವದರಲ್ಲಿ ಅಡ್ಡ ಪಟ್ಟೆ. ಕ್ಯಾಮೆರಾದಲ್ಲಿ ಆ್ಯಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ. ಸದ್ದಾಗದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ ಬಳಸುವವರಿಗೆ ಈ ಪಟ್ಟೆಯ ಕಾಟ ಇನ್ನೂ ಜಾಸ್ತಿ. ಓಲಗದ ಸದ್ದಿನಲ್ಲಿ ನಿಮ್ಮ ಶಟರ್ ಯಾರಿಗೂ ಕೇಳಿಸುವುದಿಲ್ಲ, ಮೆಕ್ಯಾನಿಕಲ್ ಶಟರ್ ಇರಲಿ. ಆರತಕ್ಷತೆಯ ಎಲ್‌ಇಡಿ ವಾಲ್‌ಗೆ ಅದರದೇ ಲೆಕ್ಕ. ಜನ ಬರುವ ಮೊದಲೇ 1/60, 1/100, 1/125ರಲ್ಲಿ ಒಂದೊಂದು ತೆಗೆದು, ದೊಡ್ಡದು ಮಾಡಿ ನೋಡಿ, ಪಟ್ಟೆ ಬಾರದ್ದನ್ನು ಆರಿಸಿಕೊಳ್ಳಿ.

ನಿಧಾನದ ಕ್ಷಣಗಳಿಗೆ 1/100 ಸಾಕು. ಅಕ್ಷತೆ ಬೀಳುವಾಗ ಸಾಕಾಗದು: ಕಾಳು ಕಾಳಾಗಿ ಗಾಳಿಯಲ್ಲಿ ನಿಲ್ಲಬೇಕಾದರೆ 1/500 ಬೇಕು. ಅಲ್ಲಿ ಬೆಳಕಿನ ಏರಿಳಿತವನ್ನು ಸಹಿಸಿಕೊಂಡು ಒಂದೇ ಸಮನೆ ಹತ್ತು-ಹನ್ನೆರಡು ತೆಗೆಯಿರಿ, ಮೂರು ನಾಲ್ಕಾದರೂ ಸರಿಯಾಗಿ ಬರುತ್ತವೆ. ಮ್ಯಾನುಯಲ್ ಮೋಡ್‌ನಲ್ಲಿ ಶಟರ್, ಅಪರ್ಚರ್ ನೀವೇ ಹಿಡಿದುಕೊಂಡು, ಐಎಸ್‌ಒ ಮಾತ್ರ ಆಟೊದಲ್ಲಿ, ಮೇಲಿನ ಮಿತಿ 6400. ನುಣುಪಾದ ಆದರೆ ಅಲುಗಾಡಿದ ಚಿತ್ರಕ್ಕಿಂತ ಐಎಸ್‌ಒ ಹೆಚ್ಚಿ ಕಾಳುಕಾಳಾದ ಸ್ಪಷ್ಟ ಚಿತ್ರವೇ ಮೇಲು. ಈ ವಿಷಯದಲ್ಲಿ ಸಂಕೋಚ ಬೇಡ.

ಕೆಂಪು ರೇಷ್ಮೆ ಸೀರೆ ಇನ್ನೊಂದು ಬಲೆ. ಸಾಮಾನ್ಯ ಹಿಸ್ಟೊಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಎಲ್ಲ ಸರಿ ಎಂದು ತೋರಿಸುತ್ತಿರುವಾಗಲೇ ಕೆಂಪು ಬಣ್ಣ ತುಂಬಿ ತುಳುಕಿರುತ್ತದೆ, ನೇಯ್ಗೆಯೂ ಜರಿಯೂ ಕಾಣದೆ ಒಂದು ಕೆಂಪು ತೇಪೆ ಉಳಿಯುತ್ತದೆ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮ್ ಹಾಕಿ, ಕೆಂಪು ಬಲತುದಿಗೆ ಅಂಟಿದ್ದರೆ ಬೆಳಕನ್ನು ಮೂರನೇ ಒಂದು ಅಥವಾ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ. ಸ್ಟೇಜಿನ ನೇರಳೆ, ನೀಲಿ ದೀಪಗಳು ಮುಖದ ಮೇಲೆ ಬಿದ್ದರೆ ಆಮೇಲೆ ಕಂಪ್ಯೂಟರಿನಲ್ಲೂ ಚರ್ಮದ ಬಣ್ಣ ಪೂರಾ ಹಿಂದಕ್ಕೆ ಬರುವುದಿಲ್ಲ. ಬಿಳಿ ವಿಡಿಯೊ ಲೈಟ್ ಮುಖಕ್ಕೆ ಬೀಳುವ ಕಡೆಯಿಂದ ತೆಗೆಯಿರಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಅಂತೂ ಇರಲೇಬೇಕು.

ಹಕ್ಕಿ ತೆಗೆದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಟಿನ್ಯುಯಸ್ ಫೋಕಸ್, ಒಂದೇ ಪಾಯಿಂಟ್, ಅದು ಕಣ್ಣಿನ ಮೇಲೆ. ಜನರ ಅಭ್ಯಾಸಕ್ಕೆ ಒಂದು ರಾತ್ರಿ ಮನೆಯಲ್ಲಿ ಒಂದೇ ಟ್ಯೂಬ್‌ಲೈಟ್ ಹಾಕಿ, ಇಬ್ಬರನ್ನು ಕೂರಿಸಿ, ಮೂರನೆಯವರಿಂದ ಅಕ್ಕಿ ಹಾಕಿಸಿ ತೆಗೆದು ನೋಡಿ. ಡಿಎಸ್‌ಎಲ್‌ಆರ್ ಆದರೆ 50 ಎಂಎಂ ಲೆನ್ಸ್ ಕಣ್ಣಿಗೆ ಹಿಡಿದ ಫೋಕಸ್ ಮೂಗಿನ ಮೇಲೋ ಕಿವಿಯ ಮೇಲೋ ಬೀಳುತ್ತಿದೆಯೇ ಎಂದೂ ಅವತ್ತೇ ಗೊತ್ತಾಗುತ್ತದೆ.

— ಹವ್ಯಾಸಿ ಛಾಯಾಗ್ರಾಹಕಿ, ಮೈಸೂರು

ಶಾಸ್ತ್ರದ ಕ್ರಮ ತಿಳಿದಿರಲಿ

ಸ್ಮಾರ್ತ ಪದ್ಧತಿಯ ಮದುವೆ ಎಂದುಕೊಂಡು ಬರೆಯುತ್ತಿದ್ದೇನೆ. ಒಕ್ಕಲಿಗರಲ್ಲಿ, ಲಿಂಗಾಯತರಲ್ಲಿ ಕ್ರಮ ಬೇರೆ. ಒಂದೇ ಪದ್ಧತಿಯಲ್ಲೂ ಮನೆತನಕ್ಕೆ ತಕ್ಕಂತೆ ಹಿಂದುಮುಂದಾಗುತ್ತದೆ. ಹಿಂದಿನ ಸಂಜೆಯೇ ಪುರೋಹಿತರನ್ನು ಕಂಡು "ನಾಳೆ ಯಾವುದರ ನಂತರ ಯಾವುದು" ಎಂದು ವಿನಯದಿಂದ ಕೇಳಿ. ಕೇಳಿದವರಿಗೆ ಹೇಳದ ಪುರೋಹಿತರು ಕಡಿಮೆ.

ಕಾಶೀಯಾತ್ರೆಗೆ ವರ ಕೊಡೆ, ಕೋಲು ಹಿಡಿದು ಹೊರಡುತ್ತಾನೆ. ಬಾಗಿಲ ಹೊರಗೆ ನಿಂತಿದ್ದರೆ ಹಗಲ ಬೆಳಕು ಮುಖಕ್ಕೆ ಸಿಗುತ್ತದೆ. ಒಳಗೆ ನಿಂತರೆ ಬರೀ ಕಪ್ಪು ಆಕಾರ. ನಂತರ ಸೋದರಮಾವ ವಧುವನ್ನು ಕರೆತರುವಾಗ ಅವಳು ಗೌರಿಪೂಜೆ ಮಾಡಿದ ಕೋಣೆಯಿಂದ ಮಂಟಪದವರೆಗಿನ ದಾರಿ ಖಾಲಿ ಇರುವುದಿಲ್ಲ. ಹಿಂದುಹಿಂದಕ್ಕೆ ನಡೆಯುತ್ತಾ ತೆಗೆಯುವ ಸಾಹಸ ಬೇಡ, ಒಂದು ಕಡೆ ನಿಂತು ಅವರೇ ಹತ್ತಿರ ಬರಲಿ.

ಅಂತರಪಟವನ್ನು ಎರಡು ಕಡೆ ಹಿಡಿದಿರುತ್ತಾರೆ. ಬಟ್ಟೆಯ ಅಂಚಿನ ನೇರಕ್ಕೆ ನಿಂತರೆ ಮಾತ್ರ ಎರಡೂ ಮುಖ ಒಟ್ಟಿಗೆ ಕಾಣುವುದು. ಆ ಜಾಗ ಮುಖ್ಯ ಫೋಟೊಗ್ರಾಫರ್‌ದು. ನೀವು ವರನ ಹೆಗಲ ಹಿಂದೆ, ಸ್ವಲ್ಪ ದೂರದಲ್ಲಿ ಇರಿ. ಮಂಗಳಾಷ್ಟಕ ಮುಗಿದು ಪಟ ಸರಿದ ಕೂಡಲೇ ವಧು ತಲೆ ಎತ್ತುತ್ತಾಳೆ. ಇಬ್ಬರೂ ಜೀರಿಗೆ ಬೆಲ್ಲ ತಲೆಯ ಮೇಲಿಡುವ ಹೊತ್ತಿಗೆ ಕೈಗಳು ಮುಖಕ್ಕೆ ಅಡ್ಡ ಬರುತ್ತವೆ. ನಡುವೆ ಸಿಗುವುದು ಕೆಲವೇ ಕ್ಷಣ. ಆಗ ಕ್ಯಾಮೆರಾದ ಪರದೆ ನೋಡುತ್ತಾ ನಿಂತಿರಬಾರದು.

ಧಾರೆ ಎರೆಯುವಾಗ ತಂದೆತಾಯಿಯ ಕೈ, ನೀರು, ತೆಂಗಿನಕಾಯಿ ಎಲ್ಲ ಒಂದೇ ಕಡೆ ಸೇರುತ್ತವೆ. ಅವರು ಕೈ ನೋಡುತ್ತಿರುವುದರಿಂದ ನಿಂತು ತೆಗೆದರೆ ನೆತ್ತಿಯೇ ಬರುತ್ತದೆ. ನೆಲದ ಮೇಲೆ ಕೂತರೆ ಮುಖ ಸಿಗುತ್ತದೆ. ಮಾಂಗಲ್ಯಧಾರಣೆಗೆ "ಗಟ್ಟಿಮೇಳ" ಎಂದು ಕೂಗುವ ಮೊದಲೇ ನಿಮ್ಮ ಜಾಗ ಹಿಡಿದಿರಿ. ಕೂಗಿದ ಮೇಲೆ ಫೋನ್ ಹಿಡಿದ ನೆಂಟರೆಲ್ಲ ಮುಂದೆ ನುಗ್ಗುತ್ತಾರೆ. ಮುಖ್ಯ ಫೋಟೊಗ್ರಾಫರ್ ಮುಂದಿನಿಂದ ತೆಗೆಯುತ್ತಿದ್ದರೆ, ವಧುವಿನ ಕತ್ತಿನ ಹಿಂದೆ ಗಂಟು ಹಾಕುವ ಬೆರಳು ನಿಮ್ಮ ಪಾಲಿಗೆ.

ಲಾಜಹೋಮದಲ್ಲಿ ವಧುವಿನ ಸಹೋದರ ಅವಳ ಕೈಗೆ ಅರಳು ಹಾಕುತ್ತಾನೆ. ಬೆಳಕು ಹೊಗೆಯ ಹಿಂದಿನಿಂದ ಬರುವ ಕಡೆ ಕೂತರೆ ಹೊಗೆ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ದಟ್ಟ ಹೊಗೆಯಲ್ಲಿ ಆಟೊಫೋಕಸ್ ತಡಕಾಡುತ್ತದೆ, ತುಸು ತಿಳಿಯಾಗುವವರೆಗೆ ಕಾಯಿರಿ. ಸಪ್ತಪದಿಗೆ ಕಿಟ್ ಲೆನ್ಸಿನ 18 ಎಂಎಂ ಹಾಕಿ ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿಯಿರಿ, ಅಕ್ಕಿಯ ಏಳು ರಾಶಿ ಮತ್ತು ಹೆಜ್ಜೆ ಒಟ್ಟಿಗೆ ಬರುತ್ತವೆ.

ದಯವಿಟ್ಟು ಅಗ್ನಿಗೂ ವಧೂವರರಿಗೂ ನಡುವೆ ದಾಟಬೇಡಿ. ಪೂಜಾಸಾಮಗ್ರಿ, ಕಳಶಗಳ ಮೇಲಿಂದ ಬ್ಯಾಗ್ ಹಾಯಿಸಬೇಡಿ. ಮಂಟಪ ಹತ್ತುವ ಮೊದಲು ಚಪ್ಪಲಿ ಬಿಡಿ, ಸಾಕ್ಸ್ ಹಾಕಿ ನುಣುಪು ನೆಲದಲ್ಲಿ ಓಡಾಡಿದರೆ ಜಾರುತ್ತೀರಿ. ಕಪ್ಪು ಅಂಗಿ ಬೇಡ, ಹಿರಿಯರ ಮನಸ್ಸಿಗೆ ಕಸಿವಿಸಿ. ಇನ್ನೊಂದು ಸಲ ತಾಳಿ ಹಿಡಿದು ತೋರಿಸಿ ಎಂದು ಕೇಳುವುದು ಸರ್ವಥಾ ಕೂಡದು.

— ಪುರೋಹಿತರು, ಅರಕಲಗೂಡು

ಫೈಲ್ ಕೊಡುವ ರೀತಿ

ಎರಡು ಕ್ಯಾಮೆರಾದ ಚಿತ್ರಗಳನ್ನು ಒಂದೇ ಆಲ್ಬಮ್ಮಿಗೆ ಜೋಡಿಸುವವರಿಗೆ ದೊಡ್ಡ ತಲೆನೋವು ಗಡಿಯಾರ. ಸಮಯದ ಪ್ರಕಾರ ಜೋಡಿಸಿದಾಗ ತಾಳಿ ಕಟ್ಟಿದ ಮೇಲೆ ಕಾಶೀಯಾತ್ರೆ ಬಂದು ಕೂರುತ್ತದೆ. ಬೆಳಿಗ್ಗೆಯೇ ಇಬ್ಬರೂ ಒಂದೇ ಫೋನಿನ ಗಡಿಯಾರಕ್ಕೆ ಸೆಕೆಂಡಿನವರೆಗೆ ಹೊಂದಿಸಿ, ಆ ಫೋನಿನ ಪರದೆಯದೇ ಒಂದೊಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ವ್ಯತ್ಯಾಸ ಕಂಡರೂ ಆ ಫೋಟೊ ನೋಡಿ ಒಟ್ಟಿಗೆ ಸರಿಮಾಡಬಹುದು. ಫೈಲ್ ಹೆಸರಿನ ಮೊದಲ ಮೂರು ಅಕ್ಷರವನ್ನೂ ಮೆನುವಿನಲ್ಲಿ ಬದಲಿಸಿ. ಇಲ್ಲದಿದ್ದರೆ ಇಬ್ಬರ ಫೈಲುಗಳಿಗೂ ಒಂದೇ ಹೆಸರು ಬಿದ್ದು, ಕಾಪಿ ಮಾಡುವಾಗ ಒಂದರ ಮೇಲೊಂದು ಕೂರುತ್ತದೆ.

24 ಮೆಗಾಪಿಕ್ಸೆಲ್ ರಾ ಫೈಲ್ ಒಂದಕ್ಕೆ 25ರಿಂದ 30 ಎಂಬಿ ಹಿಡಿಯಿರಿ. 64 ಜಿಬಿ ಕಾರ್ಡಿನಲ್ಲಿ ಸುಮಾರು 2000 ಹಿಡಿಸುತ್ತವೆ. ಆದರೂ ಆರತಕ್ಷತೆಗೊಂದು, ಮುಹೂರ್ತಕ್ಕೊಂದು ಬೇರೆ ಕಾರ್ಡ್ ಇರಲಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅಲ್ಲಿ ನಿಂತು ಒಂದೊಂದೇ ಅಳಿಸುತ್ತಾ ಕೂರಬೇಡಿ. ಎರಡು ಕಡೆ ಕಾಪಿ ಆಗುವವರೆಗೆ ಕಾರ್ಡ್ ಖಾಲಿ ಮಾಡುವಂತಿಲ್ಲ.

12×36 ಇಂಚಿನ ಆಲ್ಬಮ್ ಬಿಡಿಸಿದರೆ ಅಗಲ ಎತ್ತರದ ಮೂರು ಪಟ್ಟು. ನಿಮ್ಮ ಚಿತ್ರದ ಅಗಲ ಎತ್ತರದ ಒಂದೂವರೆ ಪಟ್ಟು ಮಾತ್ರ. ಪೂರ್ತಿ ಹರವಿದರೆ ಎತ್ತರದಲ್ಲಿ ಅರ್ಧ ಕತ್ತರಿಸಿ ಹೋಗುತ್ತದೆ, ನಡುವಿನ ಮಡಿಕೆಯಲ್ಲಿ ಯಾರದಾದರೂ ಮುಖ ಸಿಕ್ಕಿಕೊಳ್ಳುತ್ತದೆ. ಹರವಲು ತಕ್ಕ ಚಿತ್ರ ಎನಿಸಿದರೆ ತಲೆಯ ಮೇಲೂ ಕೆಳಗೂ ಜಾಗ ಬಿಡಿ, ಜೋಡಿಯನ್ನು ಒಂದು ಪಕ್ಕಕ್ಕೆ ಇಡಿ. ಬಣ್ಣದ ಪ್ರೀಸೆಟ್ ಹಾಕಿ ಕಳಿಸಬೇಡಿ, ಪಕ್ಕದ ಪುಟಕ್ಕೆ ಹೊಂದುವುದಿಲ್ಲ. 1500 ತೆಗೆದಿದ್ದರೆ 150 ಆರಿಸಿ, ಎಸ್‌ಆರ್‌ಜಿಬಿ (ಸಾಮಾನ್ಯ ಬಣ್ಣದ ಮಾನಕ) ಜೆಪೆಗ್ ಪೂರ್ಣ ಅಳತೆಯಲ್ಲಿ, ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

— ಆಲ್ಬಮ್ ಡಿಸೈನರ್, ಹುಬ್ಬಳ್ಳಿ

ಫ್ಲ್ಯಾಶ್ ಬಿಟ್ಟು ಬರಬೇಡಿ

ಮಂಟಪದಲ್ಲಿ ಫ್ಲ್ಯಾಶ್ ಬೇಡ ಸರಿ. ಎತ್ತರದ ಚಾವಣಿಗೆ ತಿರುಗಿಸಿ ಹೊಡೆದ ಬೆಳಕು ಅಲ್ಲೇ ಕರಗಿ ಹೋಗುತ್ತದೆ, ಬಣ್ಣದ ಚಾವಣಿಯಾದರೆ ಮುಖಕ್ಕೂ ಬಣ್ಣ. ಆದರೆ ಊಟದ ಹಾಲ್ ಅನೇಕ ಛತ್ರಗಳಲ್ಲಿ ಕೆಳಗಿನ ಅಂತಸ್ತಿನಲ್ಲಿರುತ್ತದೆ. ಚಾವಣಿ ತಗ್ಗು, ಬಿಳಿ ಸುಣ್ಣ, ಫ್ಲ್ಯಾಶ್‌ಗೆ ಹೇಳಿ ಮಾಡಿಸಿದ ಜಾಗ. ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ, ತುಸು ನಿಮ್ಮ ಹಿಂದಕ್ಕೆ ತಿರುಗಿಸಿ ಟಿಟಿಎಲ್‌ನಲ್ಲಿ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಲೆಕ್ಕ ಹಾಕುವ ಮೋಡ್) ಹಾಕಿ. ಶಟರ್ 1/100, ಎಫ್ 4, ಐಎಸ್‌ಒ 800ರಿಂದ ಶುರು ಮಾಡಿ ಹೊಂದಿಸಿಕೊಳ್ಳಿ. ತುತ್ತು ಬಾಯಲ್ಲಿರುವಾಗ ಯಾರನ್ನೂ ತೆಗೆಯಬೇಡಿ. ಎಲೆಗೆ ಬಡಿಸುವಾಗ, ಪಾಯಸಕ್ಕೆ ಒತ್ತಾಯ ಮಾಡುವಾಗ ತೆಗೆಯಿರಿ. ಭೂಮದ ಊಟದಲ್ಲಿ ವಧೂವರರು ಒಬ್ಬರಿಗೊಬ್ಬರು ಸಿಹಿ ತಿನ್ನಿಸುವುದನ್ನು ನೆಂಟರು ಮತ್ತೆ ಮತ್ತೆ ಮಾಡಿಸುತ್ತಾರೆ, ಅವಸರ ಬೇಡ. ಎರಡನೇ ಸಲಕ್ಕೆ ಪಕ್ಕದಲ್ಲಿ ನಗುತ್ತಿರುವವರ ಕಡೆ ಲೆನ್ಸ್ ತಿರುಗಿಸಿ.

ಮುಖ್ಯ ಫೋಟೊಗ್ರಾಫರ್ ತಂಡ ಊಟಕ್ಕೆ ಹೋದ ಹೊತ್ತಿನಲ್ಲಿ ನೀವು ಮೇಲೆ ಇರಿ, ಆಗ ಬಂದ ಹಿರಿಯರ ಚಿತ್ರ ತಪ್ಪಿಹೋಗುವುದಿಲ್ಲ. ಅವರು ಬಂದ ಮೇಲೆ ನೀವು ಉಣ್ಣಿ. ಗೆಳೆಯರ ಗ್ರೂಪ್ ಫೋಟೊ ಸರದಿ ಬಂದಾಗ ಕ್ಯಾಮೆರಾ ಬ್ಯಾಗಿಗೆ ಹಾಕಿ ನೀವೂ ಸ್ಟೇಜ್ ಹತ್ತಿ. ಅದೊಂದು ಚಿತ್ರವನ್ನು ಅವರೇ ತೆಗೆಯಬೇಕೆಂದು ಮೊದಲ ಫೋನಿನಲ್ಲೇ ಹೇಳಿಟ್ಟಿರಿ.

— ಓದುಗರು, ಬೆಂಗಳೂರು